ಲ್ಯಾಪ್‌ಟಾಪ್ ವೈಫೈ ಹತ್ತು ನಿಮಿಷಕ್ಕೊಂದ್ಸಲ ಸಾಯ್ತಿದೆ, ಇದು ಡ್ರೈವರ್ ತಪ್ಪಾ ಇನ್ನೇನಾದ್ರೂನಾ?

ಮಿನುಗುಚುಕ್ಕಿ:
ಎಲ್ರಿಗೂ ನಮಸ್ಕಾರ. ಮೂರು ವಾರದಿಂದ ಒದ್ದಾಡಿ ಸಾಕಾಗಿ ಇಲ್ಲಿ ಕೇಳ್ತಿದೀನಿ. ಎರಡು ವರ್ಷದ ಲ್ಯಾಪ್‌ಟಾಪ್, ಲಿನಕ್ಸ್ ಹಾಕಿದೀನಿ, ವಿಂಡೋಸ್ ಕೂಡ ಪಕ್ಕದ ಪಾರ್ಟಿಷನ್‌ನಲ್ಲಿ ಇದೆ ಆದ್ರೆ ಅದನ್ನ ತೆಗೆಯೋದು ತಿಂಗಳಿಗೊಂದ್ಸಲ. ವೈಫೈ ಹತ್ತು ಹದಿನೈದು ನಿಮಿಷ ಚೆನ್ನಾಗೇ ಓಡುತ್ತೆ, ಆಮೇಲೆ ಇದ್ದಕ್ಕಿದ್ದಂಗೆ ನಿಂತೋಗುತ್ತೆ. ಮೂಲೇಲಿರೋ ಐಕಾನ್ ಮಾತ್ರ ಕನೆಕ್ಟ್ ಆಗಿದೆ ಅಂತಲೇ ತೋರಿಸ್ತಿರುತ್ತೆ, ಪೇಜ್ ತೆಗೆದ್ರೆ ಸುತ್ತುತ್ತಾನೇ ಇರುತ್ತೆ. ಅರ್ಧ ಮುಕ್ಕಾಲು ನಿಮಿಷ ಬಿಟ್ಟು ಕೆಲವೊಮ್ಮೆ ತಾನಾಗೇ ವಾಪಸ್ ಬರುತ್ತೆ, ಕೆಲವೊಮ್ಮೆ ನಾನೇ ಆಫ್ ಮಾಡಿ ಆನ್ ಮಾಡ್ಬೇಕು.

ಇದ್ರ ಜೊತೆ ಇನ್ನೊಂದು. ಮುಚ್ಚಳ ಮುಚ್ಚಿ ಸ್ಲೀಪ್‌ಗೆ ಹಾಕಿ ಮತ್ತೆ ತೆಗೆದ್ರೆ ಮೂರರಲ್ಲಿ ಒಂದು ಸಲ ವೈಫೈ ಅನ್ನೋ ಆಪ್ಷನ್ನೇ ಮಾಯ, ಒಳಗೆ ಕಾರ್ಡೇ ಇಲ್ವೇನೋ ಅನ್ನೋ ಥರ. ರೀಸ್ಟಾರ್ಟ್ ಮಾಡಿದ್ರೆ ಮಾತ್ರ ಬರುತ್ತೆ.

ಮೊಬೈಲ್ ಅದೇ ರೌಟರ್‌ನಲ್ಲಿ ಒಂದು ಸಲಾನೂ ಕೈಕೊಟ್ಟಿಲ್ಲ. ರೌಟರ್ ರೀಸ್ಟಾರ್ಟ್, ನೆಟ್‌ವರ್ಕ್ ಫರ್ಗೆಟ್ ಮಾಡಿ ಮತ್ತೆ ಪಾಸ್‌ವರ್ಡ್ ಹಾಕೋದು, ಇರೋಬರೋ ಅಪ್‌ಡೇಟ್ ಹಾಕೋದು, ಎಲ್ಲಾ ಆಯ್ತು. ನಿನ್ನೆ ಕೆಲಸದ ಇಂಟರ್‌ವ್ಯೂ ಮಧ್ಯೆ ಕಟ್ ಆಯ್ತು, ನಾನು ಮತ್ತೆ ಜಾಯಿನ್ ಆಗೋಷ್ಟರಲ್ಲಿ ಅವ್ರು ಮುಂದಿನವರನ್ನ ಶುರು ಮಾಡಿಯಾಗಿತ್ತು. ತುಂಬಾ ಬೇಜಾರಾಗಿದೆ. ಮುಂದಿನ ವಾರ ಇನ್ನೊಂದು ಇದೆ. ಡ್ರೈವರ್ ಬದಲಾಯಿಸ್ಬೇಕಾ ಕಾರ್ಡೇ ಬದಲಾಯಿಸ್ಬೇಕಾ, ಗೊತ್ತಿರೋರು ದಾರಿ ತೋರ್ಸಿ.

ಬಿಡುವಿಲ್ಲ:
ಫಾರ್ಮ್ಯಾಟ್ ಹೊಡೆದು ಹೊಸದಾಗಿ ಹಾಕ್ಬಿಡಿ ಮೇಡಂ, ಒಂದು ಗಂಟೆ ಕೆಲಸ. ನಾನು ಯಾವಾಗ್ಲೂ ಹಂಗೇ ಮಾಡೋದು.

ಕರಿಟರ್ಮಿನಲ್:
ದಯವಿಟ್ಟು ಈಗ್ಲೇ ಫಾರ್ಮ್ಯಾಟ್ ಮಾಡ್ಬೇಡಿ. ಹೊಸದಾಗಿ ಹಾಕಿದ್ರೂ ಅದೇ ಕರ್ನಲ್ (ಲಿನಕ್ಸ್‌ನ ತಿರುಳು, ಡ್ರೈವರ್ ಇರೋದೂ ಅದ್ರಲ್ಲೇ), ಅದೇ ಫರ್ಮ್‌ವೇರ್ (ಕಾರ್ಡಿನ ಒಳಗೆ ಓಡೋ ಪ್ರೋಗ್ರಾಂ) ಬಂದು ಕೂರುತ್ತೆ, ಒಂದಿನ ಹಾಳು, ಜೊತೆಗೆ ಈಗ ಇರೋ ಲಾಗೂ ಹೋಯ್ತು.

ಮೊದಲು ಎಲ್ಲಿ ನಿಲ್ತಿದೆ ಅಂತ ನೋಡೋಣ. ಎರಡು ಟರ್ಮಿನಲ್ ತೆಗೀರಿ. ಒಂದ್ರಲ್ಲಿ ರೌಟರ್ ವಿಳಾಸಕ್ಕೇ ಪಿಂಗ್ ಬಿಡಿ (ಇದ್ದೀಯಾ ಅಂತ ಕೇಳಿ ಉತ್ತರ ಬರೋಕೆ ಎಷ್ಟು ಹೊತ್ತಾಯ್ತು ಅಂತ ಅಳೆಯೋದು), ಸಾಮಾನ್ಯವಾಗಿ 192.168.1.1 ಅಥವಾ 192.168.0.1 ಇರುತ್ತೆ, ಇನ್ನೊಂದ್ರಲ್ಲಿ ಹೊರಗಿನ 8.8.8.8 ಗೆ. ನಿಂತಾಗ ರೌಟರ್ ಪಿಂಗ್ ಓಡ್ತಾ ಇದ್ದು ಹೊರಗಿನದು ಮಾತ್ರ ನಿಂತ್ರೆ ನಿಮ್ಮ ಡ್ರೈವರ್ ಮೇಲೆ ಸಂಶಯ ಪಡೋದೇ ಬೇಡ, ಅದು ಲೈನಿನ ತೊಂದ್ರೆ. ಎರಡೂ ಒಟ್ಟಿಗೆ ನಿಂತ್ರೆ ಲ್ಯಾಪ್‌ಟಾಪಿಂದ ರೌಟರ್ ತನಕ ಇರೋ ಗಾಳಿಯಲ್ಲೋ ಕಾರ್ಡಲ್ಲೋ ಡ್ರೈವರಲ್ಲೋ ಇದೆ ಅಂತ ಅರ್ಥ.

ಮೂರನೇ ಟರ್ಮಿನಲ್‌ನಲ್ಲಿ ಕರ್ನಲ್ ಲಾಗ್ ಓಡ್ತಾ ಇರ್ಲಿ, ಡಿಮೆಸೆಜ್ ಕಮಾಂಡ್‌ಗೆ ಡಬ್ಲ್ಯೂ ಆಪ್ಷನ್ ಕೊಟ್ರೆ ಹೊಸ ಸಾಲು ಬಂದಂಗೆ ತೋರಿಸುತ್ತೆ. ನಿಂತ ಕ್ಷಣದಲ್ಲಿ ಏನು ಬಿತ್ತು ಅಂತ ಹಂಗಂಗೇ ಇಲ್ಲಿ ಹಾಕಿ. ಮತ್ತೆ ಒಂದು ವಿನಂತಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಐದು ಸೆಟ್ಟಿಂಗ್ ಒಟ್ಟಿಗೆ ತಿರುಗಿಸಿ ಸರಿಹೋದ್ರೆ ಯಾವುದ್ರಿಂದ ಸರಿಹೋಯ್ತು ಅಂತ ಯಾರಿಗೂ ಗೊತ್ತಾಗಲ್ಲ, ಮುಂದಿನ ಸಲ ಮತ್ತೆ ಮೊದಲಿಂದ.

ಮೌನಿ42:
ಪವರ್ ಸೇವ್ ಆಫ್ ಮಾಡಿ. 90 ಭಾಗ ಅದೇ.

ಗುಬ್ಬಿಗೂಡು:
ರೌಟರ್ ಯಾವ ಚಾನೆಲ್‌ನಲ್ಲಿದೆ ನೋಡಿದೀರಾ? 2.4 ಗಿಗಾಹರ್ಟ್ಸ್‌ನಲ್ಲಿ ಚಾನೆಲ್‌ಗಳ ಮಧ್ಯೆ ಇರೋದು ಬರೀ 5 ಮೆಗಾಹರ್ಟ್ಸ್, ಒಂದೊಂದು ಸಿಗ್ನಲ್ ಹಿಡಿಯೋ ಜಾಗ 20, ಅದಕ್ಕೇ 1, 6, 11 ಬಿಟ್ರೆ ಉಳಿದವೆಲ್ಲಾ ಒಂದ್ರ ಮೇಲೊಂದು ಬೀಳ್ತವೆ. ರೌಟರ್ ಆಟೋ ಅಂತ ಇದ್ರೆ 3 ನೋ 4 ನೋ ಹಿಡ್ಕೊಂಡಿರಬಹುದು. 5 ಗಿಗಾಹರ್ಟ್ಸ್ ಇದ್ರೆ ಅದಕ್ಕೆ ಹೋಗಿ, ನೆಮ್ಮದಿ.

ಹೊಳೆದಂಡೆ:
ವಿಂಡೋಸ್ ಉಂಟಲ್ವಾ ಮಾರಾಯ್ರೆ, ಅದರಲ್ಲಿ ಒಂದು ದಿನ ಕೆಲಸ ಮಾಡಿ ನೋಡಿ. ಅಲ್ಲಿಯೂ ಹೀಗೇ ಬಿದ್ದು ಹೋಗ್ತದೆ ಅಂತಾದ್ರೆ ಲಿನಕ್ಸ್ ಡ್ರೈವರಿಗೆ ಬೈದು ಪ್ರಯೋಜನ ಇಲ್ಲ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆಗೆದು ನೆಟ್‌ಶೆಲ್‌ನಲ್ಲಿ ಡಬ್ಲ್ಯೂಲ್ಯಾನ್ ರಿಪೋರ್ಟ್ ಕೇಳಿದ್ರೆ ಕಳೆದ 3 ದಿನದ್ದು ಪೂರ್ತಿ ಕೊಡ್ತದೆ, ಯಾವಾಗ ಕನೆಕ್ಟ್ ಆಯ್ತು, ಯಾವಾಗ ಬಿಟ್ಟಿತು, ಯಾವ ಕಾರಣಕ್ಕೆ, ಎಲ್ಲ ಗ್ರಾಫ್ ಸಮೇತ. ಎಷ್ಟೋ ಜನಕ್ಕೆ ಇದು ಉಂಟು ಅಂತಲೇ ಗೊತ್ತಿಲ್ಲ.

ನನಗೆ ಹೋದ ವರ್ಷ ಇದೇ ಕತೆ ಆಗಿತ್ತು. ಒಂದು ಅಪ್‌ಡೇಟ್ ಆದ ಮೇಲೆ ಶುರುವಾದದ್ದು. ಡಿವೈಸ್ ಮ್ಯಾನೇಜರಿಗೆ ಹೋಗಿ ಕಾರ್ಡಿನ ಪ್ರಾಪರ್ಟೀಸ್‌ನಲ್ಲಿ ರೋಲ್ ಬ್ಯಾಕ್ ಡ್ರೈವರ್ ಒತ್ತಿದೆ, ಅಷ್ಟೇ, ಮತ್ತೆ ಸಮಸ್ಯೆ ಇಲ್ಲ. ಅಲ್ಲೇ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬಲ್ಲಿ ಕಂಪ್ಯೂಟರ್ ಈ ಡಿವೈಸನ್ನು ಆಫ್ ಮಾಡಬಹುದು ಅನ್ನುವ ಟಿಕ್ ಕೂಡ ತೆಗೆದು ಇಡಿ.

ಬಿಡುವಿಲ್ಲ:
ಆ ಟ್ಯಾಬೇ ನನ್ನ ಲ್ಯಾಪ್‌ಟಾಪ್‌ನಲ್ಲಿ ಇಲ್ಲ ಗುರು.

ಹೊಳೆದಂಡೆ:
ಮಾಡರ್ನ್ ಸ್ಟ್ಯಾಂಡ್‌ಬೈ, ಅಂದ್ರೆ ಮೊಬೈಲಿನ ಹಾಗೆ ಅರೆನಿದ್ದೆ ಮಾಡುವ ಸ್ಲೀಪ್ ಇರುವ ಲ್ಯಾಪ್‌ಟಾಪಿನಲ್ಲಿ ಅದನ್ನು ಅಡಗಿಸಿ ಇಡ್ತದೆ. ನಿಮ್ಮದು ಆ ಜಾತಿಯದ್ದು ಇರಬೇಕು.

ಮಿನುಗುಚುಕ್ಕಿ:
ಎಲ್ರಿಗೂ ಥ್ಯಾಂಕ್ಸ್, ಇಷ್ಟು ಬೇಗ ಇಷ್ಟು ಜನ ಬರ್ತೀರ ಅಂದ್ಕೊಂಡಿರ್ಲಿಲ್ಲ. ಸಂಜೆ ಎರಡು ಗಂಟೆ ಕೂತು ನೋಡ್ದೆ.

ನಿಂತಾಗ ಎರಡೂ ಪಿಂಗ್ ಒಟ್ಟಿಗೇ ನಿಲ್ಲುತ್ತೆ. ನಿಲ್ಲೋಕೆ ಮುಂಚೆ ರೌಟರ್ ಪಿಂಗ್ 3 ಮಿಲಿಸೆಕೆಂಡ್ ಇದ್ದಿದ್ದು 40 ಆಗುತ್ತೆ, 300 ಆಗುತ್ತೆ, 900 ಮುಟ್ಟುತ್ತೆ, ಆಮೇಲೆ ಉತ್ತರಾನೇ ಇಲ್ಲ. ಲಾಗ್‌ನಲ್ಲಿ ಆ ಹೊತ್ತಿಗೆ ಬೀಕನ್ ಲಾಸ್ ಡಿಟೆಕ್ಟ್ ಆಯ್ತು ಅಂತ ಒಂದು ಸಾಲು, ಅದರ ಹಿಂದೇನೇ ಕನೆಕ್ಷನ್ ಟು ಎಪಿ ಲಾಸ್ಟ್ ಅಂತ ಇನ್ನೊಂದು ಸಾಲು.

ಸ್ಲೀಪಿಂದ ಎದ್ದು ಕಾರ್ಡ್ ಮಾಯ ಆದಾಗ ಬೀಳೋದು ಬೇರೆ. ಅದ್ರಲ್ಲಿ ಡಿ3ಕೋಲ್ಡ್‌ನಿಂದ ಡಿ0 ಗೆ ಪವರ್ ಸ್ಟೇಟ್ ಬದಲಾಯಿಸೋಕೆ ಆಗ್ತಿಲ್ಲ, ಡಿವೈಸ್ ಇನ್‌ಆಕ್ಸೆಸಿಬಲ್ ಅಂತಿದೆ. ನನಗೆ ತಲೆಬುಡ ಅರ್ಥ ಆಗ್ಲಿಲ್ಲ.

ವಿಂಡೋಸ್‌ನಲ್ಲೂ ಅರ್ಧ ಗಂಟೆ ನೋಡ್ದೆ. ಅಲ್ಲೂ ಒಂದು ಸಲ ಬಿತ್ತು. ಆದ್ರೆ ಸ್ಲೀಪ್ ಮಾಡಿ ಆರು ಸಲ ಎಬ್ಬಿಸಿದೆ, ಆರು ಸಲಾನೂ ವೈಫೈ ಇತ್ತು.

ಕರಿಟರ್ಮಿನಲ್:
ಭಾಳ ಚೆನ್ನಾಗಿ ನೋಡಿದೀರ, ಇಷ್ಟು ಬರೆದ್ರೆ ಅರ್ಧ ಕೆಲಸ ಮುಗೀತು. ನನ್ನ ಪ್ರಕಾರ ನಿಮ್ಮದು ಎರಡು ಬೇರೆ ಬೇರೆ ರೋಗ, ಒಟ್ಟಿಗೆ ಬಂದಿರೋದ್ರಿಂದ ಒಂದೇ ಅನ್ನಿಸ್ತಿದೆ.

ಮೊದಲನೇದು ಬೀಕನ್ ಲಾಸ್, ಲಾಗಿನಲ್ಲಿ ಎಪಿ ಅಂತಿರೋದು ನಿಮ್ಮ ರೌಟರೇ. ರೌಟರ್ ಸೆಕೆಂಡಿಗೆ ಸುಮಾರು 10 ಸಲ ನಾನಿಲ್ಲಿದೀನಿ ಅಂತ ಒಂದು ಸಣ್ಣ ಸಂದೇಶ ಬಿಡ್ತಾನೇ ಇರುತ್ತೆ, ಅದೇ ಬೀಕನ್. ಸಾಲಾಗಿ ಕೆಲವು ತಪ್ಪಿದ್ರೆ ಲ್ಯಾಪ್‌ಟಾಪ್ ಒಂದ್ಸಲ ಕೂಗಿ ಕೇಳುತ್ತೆ, ಆಗ್ಲೂ ಉತ್ತರ ಬರದಿದ್ರೆ ರೌಟರ್ ಹೋಯ್ತು ಅಂತ ಬಿಟ್ಟುಬಿಡುತ್ತೆ. ಅಂದ್ರೆ ನಿಮ್ಮ ಕಾರ್ಡಿಗೆ ಕೇಳಿಸ್ತಿಲ್ಲ. ನಿದ್ದೆ ಮಾಡ್ತಿರೋದಕ್ಕೆ ಕೇಳಿಸ್ತಿಲ್ವೋ, ಅಂದ್ರೆ ಪವರ್ ಸೇವ್, ಇಲ್ಲ ಸಿಗ್ನಲ್ಲೇ ಸಾಲ್ತಿಲ್ವೋ, ಇಲ್ಲ ಸುತ್ತ ಗದ್ದಲ ಜಾಸ್ತಿನೋ, ಅದನ್ನ ನೋಡ್ಬೇಕು. ವಿಂಡೋಸ್‌ನಲ್ಲೂ ಬಿತ್ತು ಅಂದ್ರಲ್ಲ, ಹಂಗಾಗಿ ಇದು ಬರೀ ಡ್ರೈವರ್ ಅಂತ ನನಗೆ ಅನ್ನಿಸ್ತಿಲ್ಲ.

ಎರಡನೇದು, ಡಿ3ಕೋಲ್ಡ್ ಅಂದ್ರೆ ಕಾರ್ಡಿಗೆ ಕರೆಂಟೇ ಪೂರ್ತಿ ತೆಗೆದಿರೋ ಸ್ಥಿತಿ, ಡಿ0 ಅಂದ್ರೆ ಪೂರ್ತಿ ಎಚ್ಚರ. ಎಬ್ಬಿಸಿದಾಗ ಏಳ್ತಿಲ್ಲ. ವಿಂಡೋಸ್‌ನಲ್ಲಿ ಏಳುತ್ತೆ, ಲಿನಕ್ಸ್‌ನಲ್ಲಿ ಏಳಲ್ಲ. ಇದು ಡ್ರೈವರ್, ಕರ್ನಲ್ ಕಡೇದೇ.

ಈಗ ಐಡಬ್ಲ್ಯೂ ಕಮಾಂಡ್‌ನಲ್ಲಿ ಲಿಂಕ್ ಮಾಹಿತಿ ಕೇಳಿ, ಸಿಗ್ನಲ್ ಎಷ್ಟು ಡಿಬಿಎಂ ಇದೆ ಅಂತ ಹೇಳಿ (ಸಿಗ್ನಲ್ ಬಲದ ಅಳತೆ, ಮೈನಸ್‌ನಲ್ಲಿ ಬರುತ್ತೆ, ಸೊನ್ನೆಗೆ ಹತ್ರ ಇದ್ದಷ್ಟೂ ಒಳ್ಳೇದು), ರೌಟರ್‌ನಿಂದ ಎಷ್ಟು ದೂರ ಅಂತಾನೂ ಹೇಳಿ.

ಮೌನಿ42:
ಪವರ್ ಸೇವ್ ಅಂತ ನಾನು ಮೊದಲೇ ಹೇಳ್ದೆ.

ಕರಿಟರ್ಮಿನಲ್:
ಇರಬಹುದು, ಬೇಡ ಅಂತಿಲ್ಲ. ಮೇಡಂ, ಅದನ್ನೇ ಮೊದಲು ಮಾಡಿ ನೋಡಿ. ನೆಟ್‌ವರ್ಕ್ ಮ್ಯಾನೇಜರ್ ಕಾನ್ಫಿಗ್ ಫೋಲ್ಡರ್‌ನಲ್ಲಿ ವೈಫೈ ಪವರ್‌ಸೇವ್ ಅನ್ನೋ ಸಾಲು ಇರೋ ಫೈಲ್ ಇರುತ್ತೆ. ಅಲ್ಲಿ 3 ಅಂತಿದ್ರೆ ಆನ್ ಅಂತ ಅರ್ಥ, ಅದನ್ನ 2 ಮಾಡಿ ಸರ್ವಿಸ್ ರೀಸ್ಟಾರ್ಟ್ ಮಾಡಿ. 0 ಹಾಕಿದ್ರೆ ಆಫ್ ಆಗುತ್ತೆ ಅಂದ್ಕೊಂಡು ಸುಮಾರು ಜನ ಮೋಸ ಹೋಗ್ತಾರೆ, 0 ಅಂದ್ರೆ ಡೀಫಾಲ್ಟ್ ಏನಿದ್ಯೋ ಅದು ಅಂತ.

ತೇಲುಮೋಡ:
ಮಧ್ಯೆ ಬಂದೆ, ಕ್ಷಮಿಸಿ. ನಂದೂ ಬೀಳುತ್ತೆ ಆದ್ರೆ ಸರಿಯಾಗಿ ಗಂಟೆಗೊಂದ್ಸಲ, ಗಡಿಯಾರ ಇಟ್ಟ ಹಾಗೆ. ಬೆಳಿಗ್ಗೆ 9:12 ಕ್ಕೆ ಕನೆಕ್ಟ್ ಆದ್ರೆ 10:12, 11:12. ಇದೂ ಪವರ್ ಸೇವಾ?

ಗುಬ್ಬಿಗೂಡು:
ಗಡಿಯಾರ ಇಟ್ಟ ಹಾಗೆ ಅಂದ್ರೆ ರೌಟರ್ ಸೆಟ್ಟಿಂಗ್‌ನಲ್ಲಿ ಗ್ರೂಪ್ ಕೀ ರಿನ್ಯೂವಲ್ ನೋಡಿ. ಎಷ್ಟೋ ರೌಟರ್‌ಗಳಲ್ಲಿ 3600 ಸೆಕೆಂಡ್ ಅಂತ ಇರುತ್ತೆ. ಬ್ರಾಡ್‌ಕಾಸ್ಟ್‌ಗೆ ಬಳಸೋ ಕೀಯನ್ನ ಆ ಹೊತ್ತಿಗೆ ಬದಲಾಯಿಸುತ್ತೆ, ಕಾರ್ಡ್ ಸರಿಯಾಗಿ ಉತ್ತರ ಕೊಡ್ಲಿಲ್ಲ ಅಂದ್ರೆ ಹೊರಗೆ ಹಾಕುತ್ತೆ. ಪರೀಕ್ಷೆಗೆ ಅದನ್ನ 1800 ಮಾಡಿ, ಅರ್ಧ ಗಂಟೆಗೊಂದ್ಸಲ ಬೀಳೋಕೆ ಶುರುವಾದ್ರೆ ಸಿಕ್ಕಿಬಿತ್ತು.

ತೇಲುಮೋಡ:
ಅಯ್ಯೋ ಇದು ಯಾರೂ ಹೇಳಿರ್ಲಿಲ್ಲ. ನೋಡಿ ಬಂದು ಹೇಳ್ತೀನಿ.

ಮಿನುಗುಚುಕ್ಕಿ:
ಪವರ್ ಸೇವ್ ನನ್ನದ್ರಲ್ಲಿ 3 ಇತ್ತು, 2 ಮಾಡ್ದೆ. ಬೀಳೋದು ಕಮ್ಮಿ ಆಯ್ತು, ಹದಿನೈದು ನಿಮಿಷಕ್ಕೊಂದ್ಸಲ ಇದ್ದಿದ್ದು ಈಗ ಮುಕ್ಕಾಲು ಗಂಟೆಗೊಂದ್ಸಲ. ನಿಂತಿಲ್ಲ.

ಸಿಗ್ನಲ್ ಮೈನಸ್ 71 ಅಂತ ಬಂತು, 2.4 ನಲ್ಲಿ. ರೌಟರ್ ಇದೇ ರೂಮಲ್ಲಿದೆ, ಆರಡಿ ದೂರ ಇರಬಹುದು. 5 ಗಿಗಾಹರ್ಟ್ಸ್‌ಗೆ ಹಾಕಿದ್ರೆ ಕನೆಕ್ಟ್ ಆಗಿ ಐದೇ ನಿಮಿಷಕ್ಕೆ ಬೀಳುತ್ತೆ, ಅದಿನ್ನೂ ಕಷ್ಟ. ಅದೇ ಜಾಗದಲ್ಲಿ ಮೊಬೈಲ್ ಇಟ್ಟು ಒಂದು ಆಪ್‌ನಲ್ಲಿ ನೋಡ್ದೆ, ಮೈನಸ್ 45 ತೋರಿಸ್ತು.

ಕರಿಮಣ್ಣು:
ಅಕ್ಕಾರ ಅಲ್ಲೇ ಐತಿ ನೋಡ್ರಿ ಕಳ್ಳ. ಆರ್ ಫುಟ್ ದೂರದಾಗ ಮೈನಸ್ 71 ಬರಾಕ ಸಾಧ್ಯನ ಇಲ್ಲ. ಡ್ರೈವರ್ ಎಷ್ಟ ಕೆಟ್ಟದ್ದಿದ್ರೂ ಸಿಗ್ನಲ್ ಇಷ್ಟ ಕೆಳಗ ಇಳಸಂಗಿಲ್ರಿ. ಆಂಟೆನಾ ವೈರ್ ಬಿಟ್ಟೈತಿ, ನಾ ಗ್ಯಾರಂಟಿ ಕೊಡ್ತೀನಿ. ಈ ಎರಡ್ ವರ್ಷದಾಗ ಯಾರರ ಲ್ಯಾಪ್‌ಟಾಪ್ ಬಿಚ್ಚಿದ್ರೇನ್ರಿ? ಫ್ಯಾನ್ ಕ್ಲೀನ್, ಎಸ್‌ಎಸ್‌ಡಿ, ರ‍್ಯಾಮ್, ಏನರ?

ಮಿನುಗುಚುಕ್ಕಿ:
ಹೌದು! ಒಂದು ತಿಂಗಳ ಹಿಂದೆ ರ‍್ಯಾಮ್ ಜಾಸ್ತಿ ಹಾಕಿಸ್ದೆ, ರಿಪೇರಿ ಮಾಡೋರ ಹತ್ರ ಕೊಟ್ಟು. ಇದಕ್ಕೂ ಅದಕ್ಕೂ ಸಂಬಂಧ ಇರುತ್ತೆ ಅಂತ ಹೊಳೀಲೇ ಇಲ್ಲ ನನಗೆ.

ಗುಬ್ಬಿಗೂಡು:
ನಿಧಾನ ನಿಧಾನ, ಬಿಚ್ಚೋಕೆ ಮುಂಚೆ ಒಂದು ಪ್ರಶ್ನೆ. ಲ್ಯಾಪ್‌ಟಾಪ್‌ಗೆ ಯುಎಸ್‌ಬಿ ಹಬ್ಬೋ ಹೊರಗಿನ ಹಾರ್ಡ್ ಡಿಸ್ಕೋ ಹಾಕಿರ್ತೀರಾ? ಯುಎಸ್‌ಬಿ 3.0 ಡಿವೈಸ್‌ಗಳು, ಅದ್ರಲ್ಲೂ ಶೀಲ್ಡಿಂಗ್ ಸರಿಯಿಲ್ಲದ ಕೇಬಲ್, 2.4 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲೇ ಗದ್ದಲ ಎಬ್ಬಿಸ್ತವೆ. ಇಂಟೆಲ್‌ನವರೇ 2012 ರಲ್ಲಿ ಇದರ ಬಗ್ಗೆ ಅಳತೆ ಮಾಡಿ ಬರೆದಿದಾರೆ. ಅದನ್ನ ತೆಗೆದು ನೋಡಿ ಮೈನಸ್ 71 ಮೇಲಕ್ಕೆ ಬರುತ್ತೆ.

ಕರಿಮಣ್ಣು:
ಬರಂಗಿಲ್ರಿ. ಗದ್ದಲ ಹೆಚ್ಚಾದ್ರ ಸಿಗ್ನಲ್ ಅಂಕಿ ಇಳಿಯಂಗಿಲ್ಲ. ಜಾತ್ರ್ಯಾಗ ನಿಂತು ಮಾತಾಡಿದ್ರ ನಿಮ್ಮ ದನಿ ಸಣ್ಣದಾಗತೈತೇನ? ದನಿ ಅಷ್ಟ ಇರತೈತಿ, ಎದುರಿನವ್ರಿಗೆ ತಿಳಿಯಂಗಿಲ್ಲ ಅಷ್ಟ. ಇಲ್ಲಿ ದನೀನ ಸಣ್ಣ ಆಗೈತಿ.

ಗುಬ್ಬಿಗೂಡು:
ಹೌದು, ಅದು ನಾನು ತಪ್ಪು ಹೇಳ್ದೆ, ಒಪ್ಕೊಂಡೆ. ಡಿಬಿಎಂ ಬದಲಾಗಲ್ಲ. ಆದ್ರೆ ಹಬ್ ಇದ್ರೆ ತೆಗೆದು ನೋಡೋದ್ರಲ್ಲಿ ನಷ್ಟ ಏನಿಲ್ಲ, ಮೊದಲೇ ಸಿಗ್ನಲ್ ಕಮ್ಮಿ, ಅದ್ರ ಮೇಲೆ ಗದ್ದಲಾನೂ ಸೇರಿದ್ರೆ ಬೀಕನ್ ಎಲ್ಲಿ ಕೇಳಿಸುತ್ತೆ. ಬ್ಲೂಟೂತ್ ಹೆಡ್‌ಸೆಟ್ ಕೂಡ ಅದೇ 2.4 ಬ್ಯಾಂಡು, ಬಹಳಷ್ಟು ಕಾರ್ಡ್‌ನಲ್ಲಿ ಅದೇ ಆಂಟೆನಾ. ಕಾಲ್ ಮಾಡುವಾಗ್ಲೇ ಜಾಸ್ತಿ ಬೀಳ್ತಿತ್ತಾ?

ಮಿನುಗುಚುಕ್ಕಿ:
ಹಬ್ ಇದೆ, ಎಡಗಡೆ ಪೋರ್ಟ್‌ಗೆ, ಬ್ಯಾಕಪ್ ಡಿಸ್ಕ್ ಅದ್ರಲ್ಲೇ ಇರುತ್ತೆ. ಹೆಡ್‌ಸೆಟ್ ಕೂಡ ಬ್ಲೂಟೂತೇ. ಇಂಟರ್‌ವ್ಯೂಗೆ ಅದನ್ನೇ ಹಾಕ್ಕೊಂಡಿದ್ದೆ. ಬ್ಯಾಕಪ್ ಓಡುವಾಗ ಪಿಂಗ್ ಏರುತ್ತಾ ಅಂತ ಈಗ್ಲೇ ನೋಡ್ದೆ. ಡಿಸ್ಕ್ ಕಾಪಿ ಶುರು ಮಾಡಿದ ಕೂಡ್ಲೇ 4 ರಿಂದ 200 ದಾಟಿತು, ಕಿತ್ತಾಕಿದ್ರೆ ವಾಪಸ್ 4. ಸಿಗ್ನಲ್ ಮಾತ್ರ 71 ರಲ್ಲೇ ಇದೆ. ಇಬ್ರೂ ಹೇಳಿದ್ದು ಸರಿ ಅನ್ನಿಸ್ತಿದೆ.

ಹಳೇಕಂಬ:
ಓದ್ತಾ ಹೋದಂಗೆ ನನಗೆ ಹಳೇದೆಲ್ಲಾ ನೆನಪಾಯ್ತು. ನಾವು ಶುರು ಮಾಡಿದ ಕಾಲದಲ್ಲಿ ಲಿನಕ್ಸ್‌ನಲ್ಲಿ ವೈಫೈ ಬಂತು ಅಂದ್ರೆ ಗೆಳೆಯರನ್ನ ಕರೆದು ತೋರಿಸೋಷ್ಟು ಖುಷಿ. ಎನ್‌ಡಿಐಎಸ್‌ವ್ರಾಪರ್ ಅಂತ ಒಂದಿತ್ತು, ವಿಂಡೋಸ್ ಎಕ್ಸ್‌ಪಿಗೆ ಬರೆದ ಡ್ರೈವರ್ ಫೈಲನ್ನೇ ಎತ್ಕೊಂಡು ಬಂದು ಲಿನಕ್ಸ್ ಒಳಗೆ ಓಡಿಸೋದು. ಓಡ್ತಿತ್ತು, ಬಿದ್ರೆ ಇಡೀ ಮಷೀನ್ ಹಿಡ್ಕೊಂಡು ಬೀಳ್ತಿತ್ತು. ಪ್ರತಿ ಕಂಪನಿ ಡ್ರೈವರೂ ತನ್ನದೇ ಒಂದು ವೈಫೈ ಸ್ಟ್ಯಾಕ್ ಹೊತ್ಕೊಂಡು ಬರ್ತಿತ್ತು. 2007 ರಲ್ಲಿ 2.6.22 ಕರ್ನಲ್‌ಗೆ ಮ್ಯಾಕ್80211 ಸೇರಿದ ಮೇಲೆ ಎಲ್ಲರಿಗೂ ಒಂದೇ ಅಡಿಪಾಯ ಸಿಕ್ತು. ಇವತ್ತು ನೀವು ನೋಡ್ತಿರೋ ಬೀಕನ್ ಲಾಸ್ ಸಾಲು ಅಲ್ಲಿಂದಲೇ ಬರೋದು. ಯಾಕೆ ಬಿತ್ತು ಅಂತ ಓದೋ ಭಾಷೆಯಲ್ಲಿ ಹೇಳುತ್ತಲ್ಲ, ಅದೇ ಎಷ್ಟು ದೊಡ್ಡ ವಿಷಯ ಅಂತ ಆ ಕಾಲ ನೋಡಿದೋರಿಗೆ ಗೊತ್ತು.

ಬಿಡುವಿಲ್ಲ:
ಆದ್ರೂ ಫರ್ಮ್‌ವೇರ್ ಇನ್ನೂ ಮುಚ್ಚಿದ ಡಬ್ಬಾನೇ ಅಲ್ವಾ? ಡ್ರೈವರ್ ಓಪನ್ ಸೋರ್ಸ್ ಅಂತಾರೆ, ಕಾರ್ಡ್ ಒಳಗೆ ಹೋಗೋ ಫೈಲ್ ಏನು ಮಾಡುತ್ತೆ ಅಂತ ಯಾರಿಗೂ ಗೊತ್ತಿಲ್ಲ. ರೋಗದ ಮೂಲಾನೇ ಅಲ್ಲಿದೆ.

ಹಳೇಕಂಬ:
ಆ ನೋವು ನನಗೂ ಇದೆ. ಡೆಬಿಯನ್ ಅನ್ನೋ ಲಿನಕ್ಸ್ ಮಾಡೋರು ಎಷ್ಟೋ ವರ್ಷ ಅಂಥ ಫೈಲ್‌ಗಳನ್ನ ಅಧಿಕೃತ ಇನ್‌ಸ್ಟಾಲರ್ ಒಳಗೆ ಬಿಟ್ಕೊಂಡಿರ್ಲಿಲ್ಲ, ತತ್ವ ಅಂದ್ರೆ ತತ್ವ. ಇನ್‌ಸ್ಟಾಲ್ ಮಾಡ್ತಾ ವೈಫೈ ಬೇಕು ಅಂದ್ರೆ ಫರ್ಮ್‌ವೇರ್ ಬೇಕು, ಫರ್ಮ್‌ವೇರ್ ಇಳಿಸ್ಕೊಳ್ಳೋಕೆ ನೆಟ್ ಬೇಕು, ನೆಟ್‌ಗೆ ವೈಫೈ ಬೇಕು. ಕೊನೆಗೆ 2022 ರಲ್ಲಿ ಮತಕ್ಕೆ ಹಾಕಿ, 2023 ರಲ್ಲಿ ಬಂದ ಡೆಬಿಯನ್ 12 ರಿಂದ ಸೇರಿಸಿದ್ರು. ನನ್ನ ಮನಸ್ಸಿಗೆ ಅದು ಸರಿಯಾದ ನಿರ್ಧಾರವೇ. ಹೊಸಬರು ಮೊದಲನೇ ದಿನಾನೇ ವಾಪಸ್ ಓಡಿ ಹೋಗೋದಕ್ಕಿಂತ ಒಳಗೆ ಬಂದು ಪ್ರಶ್ನೆ ಕೇಳ್ಲಿ.

ಕರಿಟರ್ಮಿನಲ್:
ಆ ಚರ್ಚೆಗೆ ಬೇರೆ ಎಳೆ ತೆಗೆದ್ರೆ ನಾನೂ ಬರ್ತೀನಿ. ಸದ್ಯಕ್ಕೆ ಸಡಿಲ ಆಗಿರೋ ವೈರಿಗೆ ಫರ್ಮ್‌ವೇರ್ ಹೊಣೆ ಅಲ್ಲ ಬಿಡಿ.

ಮೇಡಂ ಇನ್ನೊಂದು. ನಿಮ್ಮ ಸಿಸ್ಟಮ್ ಭಾಷೆ ಕನ್ನಡ ಇಟ್ಟಿದ್ರೆ ಒಳ್ಳೇದೇ, ನಾನೂ ಹಂಗೇ ಇಟ್ಟಿರೋದು. ಆದ್ರೆ ಎರರ್ ಹುಡುಕುವಾಗ ಆ ಒಂದು ಕಮಾಂಡ್ ಮುಂದೆ ಲ್ಯಾಂಗ್ ಇಕ್ವಲ್ ಸಿ ಅಂತ ಸೇರಿಸಿದ್ರೆ ಮೂಲ ಸಂದೇಶ ಸಿಗುತ್ತೆ, ಅದನ್ನ ಹಾಕಿ ಹುಡುಕಿದ್ರೆ ಬೇರೆಯವ್ರಿಗೂ ಬಂದಿದ್ಯಾ ಅಂತ ಗೊತ್ತಾಗುತ್ತೆ. ಕರ್ನಲ್ ಲಾಗ್ ಹೆಂಗಿದ್ರೂ ಇಂಗ್ಲಿಷಲ್ಲೇ ಬರೋದು.

ಕರಿಮಣ್ಣು:
ಅಕ್ಕಾರ, ಬಿಚ್ಚುದಿದ್ರ ಹಿಂಗ ಮಾಡ್ರಿ. ಪೂರ್ತಿ ಶಟ್‌ಡೌನ್ ಮಾಡ್ರಿ, ಚಾರ್ಜರ್ ತಗೀರಿ. ಕೆಳಗಿನ ಕವರ್ ಸ್ಕ್ರೂ ಯಾವ ತೂತಿಂದು ಯಾವುದು ಅಂತ ಒಂದ್ ಹಾಳಿ ಮ್ಯಾಲ ಚಿತ್ರ ಬರದು ಅಲ್ಲೇ ಇಡ್ರಿ, ಉದ್ದ ಸ್ಕ್ರೂ ಗಿಡ್ಡ ತೂತಿಗೆ ಹಾಕಿದ್ರ ಬೋರ್ಡಿಗೆ ಚುಚ್ಚತೈತಿ. ಕವರ್ ತಗದ ಕೂಡ್ಲೇ ಬ್ಯಾಟರಿ ಕನೆಕ್ಟರ್ ಬಿಚ್ರಿ, ಇದನ್ನ ಮರೀಬ್ಯಾಡ್ರಿ. ವೈಫೈ ಕಾರ್ಡ್ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು, ಅದರ ಮ್ಯಾಲ ಎರಡ ಸಣ್ಣ ಗುಂಡನ ಹಿತ್ತಾಳಿ ಬಣ್ಣದ ಗುಂಡಿ, ಒಂದಕ್ಕ ಕರೆ ವೈರ್ ಒಂದಕ್ಕ ಬಿಳೆ ವೈರ್. ಯಾವುದರ ಬಿಟ್ಟಿದ್ರ ನೆಟ್ಟಗ ಗುಂಡಿ ಮ್ಯಾಲ ಇಟ್ಟು ಮ್ಯಾಲಿಂದ ಬಟ್ಟಲೆ ಒತ್ರಿ, ಟಕ್ ಅಂತೈತಿ. ವಾರಿ ಮಾಡಿ ಒತ್ತಬ್ಯಾಡ್ರಿ, ರಿಂಗ್ ಸೊಟ್ಟ ಆದ್ರ ಮತ್ತ ಕೂಡಂಗಿಲ್ಲ. ಇಂಥ ಕನೆಕ್ಟರ್ ಸುಮಾರು 30 ಸಲ ಹಾಕಿ ತಗಿಯಾಕ ಅಂತ ಮಾಡಿರ್ತಾರ, ಸುಮ್ಮಸುಮ್ಮನ ತಗದು ಹಾಕಿ ನೋಡಬ್ಯಾಡ್ರಿ.

ತೇಲುಮೋಡ:
ನನ್ನ ಗಂಟೆ ಸಮಸ್ಯೆ, ಗುಬ್ಬಿಗೂಡು ಹೇಳಿದಂಗೆ 1800 ಮಾಡ್ದೆ, ಅರ್ಧ ಗಂಟೆಗೊಂದ್ಸಲ ಬೀಳೋಕೆ ಶುರು! ನೂರಕ್ಕೆ ನೂರು ಅದೇ. ಈಗ ಏನು ಮಾಡ್ಲಿ, ದೊಡ್ಡ ಸಂಖ್ಯೆ ಹಾಕಿ ಸುಮ್ನಿರ್ಲಾ?

ಗುಬ್ಬಿಗೂಡು:
ಸದ್ಯಕ್ಕೆ ವಾಪಸ್ 3600 ಇಟ್ಟು ರೌಟರ್ ಫರ್ಮ್‌ವೇರ್ ಮತ್ತೆ ಲ್ಯಾಪ್‌ಟಾಪ್ ಡ್ರೈವರ್ ಎರಡೂ ಹೊಸದು ಇದೆಯಾ ನೋಡಿ. ಸೆಕ್ಯುರಿಟಿ ಡಬ್ಲ್ಯೂಪಿಎ2 ಮತ್ತೆ ಡಬ್ಲ್ಯೂಪಿಎ3 ಮಿಕ್ಸ್ ಅಂತಿದ್ರೆ ಬರೀ ಡಬ್ಲ್ಯೂಪಿಎ2 ಎಇಎಸ್ ಮಾಡಿ ಒಂದಿನ ನೋಡಿ, ಹಳೇ ಕಾರ್ಡ್‌ಗಳು ಮಿಕ್ಸ್ ಮೋಡ್‌ನಲ್ಲಿ ಎಡವೋದು ಉಂಟು. ಟಿಕೆಐಪಿ ಅನ್ನೋ ಹಳೇ ದುರ್ಬಲ ಗೂಢಲಿಪಿ ವಿಧಾನ ಇದ್ರೆ ಮಾತ್ರ ಯಾವ ಕಾರಣಕ್ಕೂ ಇಟ್ಕೋಬೇಡಿ.

ಮಿನುಗುಚುಕ್ಕಿ:
ಬಿಚ್ಚಿದೆ. ಕೈ ನಡುಗ್ತಿತ್ತು, ಮೊದಲನೇ ಸಲ ನಾನು ಲ್ಯಾಪ್‌ಟಾಪ್ ಬಿಚ್ಚಿದ್ದು. ಕರಿಮಣ್ಣು ಅವ್ರು ಹೇಳಿದ್ದು ಅಕ್ಷರಕ್ಷರ ನಿಜ. ಬಿಳಿ ವೈರ್ ತನ್ನ ಜಾಗದಲ್ಲಿತ್ತು, ಕಪ್ಪು ವೈರ್ ಗುಂಡಿಯಿಂದ ಬಿಟ್ಟು ಕಾರ್ಡಿನ ಸ್ಕ್ರೂ ತಲೆಗೆ ಒರಗಿಕೊಂಡು ಬಿದ್ದಿತ್ತು. ತುದಿ ಎಷ್ಟು ಸಣ್ಣದು ಅಂದ್ರೆ ಸಾಸಿವೆ ಕಾಳಿಗಿಂತ ಚೂರು ದೊಡ್ಡದು ಅಷ್ಟೇ. ಎರಡು ಸಲ ಜಾರ್ತು, ಮೂರನೇ ಸಲ ಉಗುರಲ್ಲಿ ನೇರ ಇಟ್ಟು ಒತ್ತಿದ್ಮೇಲೆ ಟಕ್ ಅಂತು, ಆ ಸದ್ದು ಕೇಳಿ ಎಷ್ಟು ಸಮಾಧಾನ ಆಯ್ತು ಅಂತ ಹೇಳೋಕಾಗಲ್ಲ.

ಆನ್ ಮಾಡಿ ನೋಡಿದ್ರೆ ಮೈನಸ್ 48! 5 ಗಿಗಾಹರ್ಟ್ಸ್‌ನಲ್ಲಿ ಮೈನಸ್ 52. ನಾಲ್ಕು ಗಂಟೆ ಆಯ್ತು, ಒಂದು ಸಲಾನೂ ಬಿದ್ದಿಲ್ಲ. ಹಬ್ ಹಾಕಿ ಡಿಸ್ಕ್ ಕಾಪಿ ಮಾಡಿದ್ರೂ 5 ಗಿಗಾಹರ್ಟ್ಸ್‌ನಲ್ಲಿ ಪಿಂಗ್ ಅಲ್ಲಾಡ್ತಿಲ್ಲ.

ಕರಿಟರ್ಮಿನಲ್:
ಮೈನಸ್ 71 ರಿಂದ 48 ಅಂದ್ರೆ 23 ಡೆಸಿಬೆಲ್. ಪ್ರತಿ 10 ಡೆಸಿಬೆಲ್‌ಗೆ ಹತ್ತು ಪಟ್ಟು, ಲೆಕ್ಕ ಹಾಕಿದ್ರೆ ಕಾರ್ಡಿಗೆ ಈಗ ಸುಮಾರು 200 ಪಟ್ಟು ಜಾಸ್ತಿ ಶಕ್ತಿ ಸಿಗ್ತಿದೆ. ತುಂಬಾ ಖುಷಿ ಆಯ್ತು. ಪವರ್ ಸೇವ್ ಈಗ ವಾಪಸ್ 3 ಮಾಡಿ ನೋಡಿ, ಬೀಳಲಿಲ್ಲ ಅಂದ್ರೆ ಹಾಗೇ ಬಿಡಿ, ಬ್ಯಾಟರಿ ಉಳಿಯುತ್ತೆ.

ಮೌನಿ42:
ಒಪ್ಪಿದೆ. ಈ ಸಲ ಪವರ್ ಸೇವ್ ಅಲ್ಲ.

ಕರಿಮಣ್ಣು:
ಶಾಬಾಶ್ ಅಕ್ಕಾರ!

ಬಿಡುವಿಲ್ಲ:
ಸ್ಲೀಪ್ ಸಮಸ್ಯೆ ಹೋಯ್ತಾ?

ಮಿನುಗುಚುಕ್ಕಿ:
ಇಲ್ಲ, ಅದು ಹಂಗೇ ಇದೆ. ಈಗಷ್ಟೇ ಮುಚ್ಚಿ ತೆಗೆದೆ, ಕಾರ್ಡ್ ಮಾಯ.

ಹಳೇಕಂಬ:
ಕರ್ನಲ್ ಪ್ಯಾರಾಮೀಟರ್‌ನಲ್ಲಿ ಪಿಸಿಐಇ ಎಎಸ್‌ಪಿಎಂ ಆಫ್ ಅಂತ ಸೇರಿಸಿ, ನಾನು ಯಾವಾಗ್ಲೂ ಅದನ್ನೇ ಮಾಡೋದು.

ಕರಿಟರ್ಮಿನಲ್:
ಸರ್, ಇಲ್ಲಿ ಅದು ಉಪಯೋಗಕ್ಕೆ ಬರುತ್ತೆ ಅಂತ ನನಗೆ ಅನ್ನಿಸಲ್ಲ. ಎಎಸ್‌ಪಿಎಂ ಅನ್ನೋದು ಲ್ಯಾಪ್‌ಟಾಪ್ ಎಚ್ಚರ ಇದ್ದಾಗ ಕಾರ್ಡಿನ ಲಿಂಕ್ ಬಿಡುವಿದ್ದಾಗೆಲ್ಲ ಕಣ್ಣು ಮುಚ್ಚೋದು. ಡಿ3ಕೋಲ್ಡ್ ಅಂದ್ರೆ ಪೂರ್ತಿ ಕರೆಂಟ್ ತೆಗೆಯೋದು. ಎಎಸ್‌ಪಿಎಂ ಆಫ್ ಮಾಡಿದ್ರೆ ಇಡೀ ಮಷೀನ್‌ಗೆ ಅನ್ವಯ ಆಗುತ್ತೆ, ಬ್ಯಾಟರಿ ಬೇಗ ಹೋಗುತ್ತೆ, ಈ ರೋಗ ಹಂಗೇ ಇರುತ್ತೆ.

ಮೇಡಂ, ಮೂರು ವಾರದಿಂದ ಅಂದ್ರಿ. ಆ ಹೊತ್ತಿಗೆ ಕರ್ನಲ್ ಅಪ್‌ಡೇಟ್ ಆಗಿತ್ತಾ? ಬೂಟ್ ಆಗುವಾಗ ಗ್ರಬ್ ಮೆನುವಿನ ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಹಿಂದಿನ ಕರ್ನಲ್ ಇನ್ನೂ ಇರುತ್ತೆ. ಅದ್ರಲ್ಲಿ ಬೂಟ್ ಮಾಡಿ ಹತ್ತು ಸಲ ಸ್ಲೀಪ್ ಮಾಡಿ ಎಬ್ಬಿಸಿ. ಏನೂ ಅಳಿಸ್ಬೇಕಾಗಿಲ್ಲ.

ಹಳೇಕಂಬ:
ಸರಿ ಕಣಪ್ಪ, ನೀನು ಹೇಳಿದ್ದು ಒಪ್ಪಬೇಕಾದ್ದೇ. ನನ್ನ ಮಷೀನ್‌ನಲ್ಲಿ ಓಡ್ತಾ ಓಡ್ತಾ ಕಾರ್ಡ್ ಹ್ಯಾಂಗ್ ಆಗ್ತಿತ್ತು, ಅದಕ್ಕೆ ಆ ಮದ್ದು ಹಿಡೀತು.

ಮಿನುಗುಚುಕ್ಕಿ:
ಹಿಂದಿನ ಕರ್ನಲ್‌ನಲ್ಲಿ ಹನ್ನೆರಡು ಸಲ ಮಾಡ್ದೆ, ಹನ್ನೆರಡೂ ಸಲ ವೈಫೈ ಬಂತು. ಹೊಸದ್ರಲ್ಲಿ ಹನ್ನೆರಡಕ್ಕೆ ಐದು ಸಲ ಮಾಯ. ಅಂದ್ರೆ ನಾನು ಮೊದಲಿಂದ ಡ್ರೈವರ್ ಅಂದ್ಕೊಂಡಿದ್ದು ಅರ್ಧ ನಿಜಾನೇ ಆಯ್ತಲ್ವಾ.

ಕರಿಟರ್ಮಿನಲ್:
ಖಂಡಿತ. ಈ ಹನ್ನೆರಡು ಮತ್ತೆ ಐದು ಅನ್ನೋ ಲೆಕ್ಕ ಇದ್ಯಲ್ಲ, ಅದಕ್ಕೆ ತುಂಬಾ ಬೆಲೆ ಇದೆ. ನಿಮ್ಮ ಡಿಸ್ಟ್ರೋದ (ನೀವು ಹಾಕಿರೋ ಲಿನಕ್ಸ್ ತಳಿಯ) ಬಗ್ ಟ್ರ್ಯಾಕರ್‌ನಲ್ಲಿ ಹಾಕಿ: ಕಾರ್ಡಿನ ಐಡಿ, ಸರಿಯಿದ್ದ ಕರ್ನಲ್, ಕೆಟ್ಟ ಕರ್ನಲ್, ಆ ಡಿ3ಕೋಲ್ಡ್ ಸಾಲು. ವೈಫೈ ಬರ್ತಿಲ್ಲ ಅಂತ ಬರೆಯೋ ನೂರು ದೂರಿಗಿಂತ ಇಂಥ ಒಂದು ರಿಪೋರ್ಟ್ ಡೆವಲಪರ್ ಕೈಗೆ ಸಿಕ್ರೆ ಎಲ್ಲಿ ಕೆಟ್ಟಿತು ಅಂತ ಹುಡುಕೋಕೆ ಜಾಗ ಸಿಗುತ್ತೆ. ಇಂಗ್ಲಿಷಲ್ಲಿ ಬರೆಯೋಕೆ ಮುಜುಗರ ಇದ್ರೆ ಇಲ್ಲಿ ಹಾಕಿ, ಕೂತು ಒಟ್ಟಿಗೆ ಬರೆಯೋಣ.

ಅಲ್ಲಿವರೆಗೆ ಎರಡು ದಾರಿ. ಹಳೇ ಕರ್ನಲ್‌ನಲ್ಲೇ ಇರಿ, ಇದು ಸುಲಭ, ಆದ್ರೆ ಸೆಕ್ಯುರಿಟಿ ಅಪ್‌ಡೇಟ್ ತಪ್ಪುತ್ತೆ, ಬಹಳ ದಿನ ಬೇಡ. ಇಲ್ಲ ಅಂದ್ರೆ ಸಿಸ್ಟಮ್‌ಡಿಯ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನ ನೋಡ್ಕೊಳ್ಳೋ ಪ್ರೋಗ್ರಾಂ) ಸಿಸ್ಟಮ್ ಸ್ಲೀಪ್ ಫೋಲ್ಡರ್‌ನಲ್ಲಿ ನಾಲ್ಕು ಸಾಲಿನ ಸ್ಕ್ರಿಪ್ಟ್ ಇಡಿ. ಮಲಗೋಕೆ ಮುಂಚೆ ಪ್ರೀ ಅಂತ ಕರೆಯುತ್ತೆ, ಆಗ ಮಾಡ್‌ಪ್ರೋಬ್ ಕಮಾಂಡ್‌ನಿಂದ ಡ್ರೈವರ್ ಮಾಡ್ಯೂಲ್ ತೆಗೀರಿ. ಎದ್ಮೇಲೆ ಪೋಸ್ಟ್ ಅಂತ ಕರೆಯುತ್ತೆ, ಆಗ ಮತ್ತೆ ಹಾಕಿ. ಎಲ್ಲಾ ಕಾರ್ಡ್‌ಗೂ ಇದು ನಡೆಯಲ್ಲ, ಡಿ3ಕೋಲ್ಡ್‌ನಿಂದ ಏಳದೇ ಇರೋದಕ್ಕೆ ಕೆಲವೊಮ್ಮೆ ಬಯೋಸ್ ಅಪ್‌ಡೇಟೇ ಬೇಕಾಗುತ್ತೆ, ಆದ್ರೆ ಮೊದಲು ಇದನ್ನ ನೋಡಿ.

ಗುಬ್ಬಿಗೂಡು:
ಮುಂದಿನ ವಾರ ಇಂಟರ್‌ವ್ಯೂ ಅಂದ್ರಲ್ಲ, ಏನೇ ಸರಿ ಹೋಗಿದ್ರೂ ಆ ಒಂದು ಗಂಟೆ ಕೇಬಲ್ ಹಾಕ್ಕೊಳ್ಳಿ. ಕೇಬಲ್ ಪೋರ್ಟ್ ಇಲ್ಲ ಅಂದ್ರೆ ಮೊಬೈಲ್ ಯುಎಸ್‌ಬಿ ಟೆದರಿಂಗ್ ರೆಡಿ ಇಟ್ಕೊಳ್ಳಿ, ಲ್ಯಾಪ್‌ಟಾಪ್‌ನ ವೈಫೈ ಕಾರ್ಡ್ ಅಲ್ಲಿ ಬರೋದೇ ಇಲ್ಲ.

ಮಿನುಗುಚುಕ್ಕಿ:
ಆರು ದಿನ ಆದ್ಮೇಲೆ ಬರೀತಿದೀನಿ. ಸ್ಕ್ರಿಪ್ಟ್ ಹಾಕಿ ಹೊಸ ಕರ್ನಲ್‌ಗೇ ವಾಪಸ್ ಬಂದೆ, ದಿನಕ್ಕೆ ಏಳೆಂಟು ಸಲ ಮುಚ್ಚಿ ತೆಗೀತೀನಿ, ಒಂದು ಸಲ ಮಾತ್ರ ಕಾರ್ಡ್ ಬರ್ಲಿಲ್ಲ. ಬಗ್ ರಿಪೋರ್ಟ್ ಹಾಕಿದೀನಿ, ಒಬ್ರು ಬಂದು ಇನ್ನೊಂದು ಲಾಗ್ ಕೇಳಿದಾರೆ, ಕಳಿಸ್ದೆ. ಪವರ್ ಸೇವ್ 3 ಕ್ಕೆ ವಾಪಸ್ ಹಾಕಿದ್ಮೇಲೂ ಬಿದ್ದಿಲ್ಲ.

ಇಂಟರ್‌ವ್ಯೂ ಇವತ್ತು ಆಯ್ತು. ಟೆದರಿಂಗ್ ಕೇಬಲ್ ಪಕ್ಕದಲ್ಲೇ ಇಟ್ಕೊಂಡಿದ್ದೆ, ಬೇಕಾಗ್ಲಿಲ್ಲ. 50 ನಿಮಿಷ, ವೀಡಿಯೋ ಒಂದು ಸಲಾನೂ ನಿಲ್ಲಲಿಲ್ಲ. ನಿಮ್ಮೆಲ್ಲರ ಋಣ ಇದೆ ನನ್ನ ಮೇಲೆ.

ತೇಲುಮೋಡ:
ಅಭಿನಂದನೆ ಅಕ್ಕ! ನಂದೂ ಡಬ್ಲ್ಯೂಪಿಎ2 ಮಾತ್ರ ಮಾಡಿದ ಮೇಲೆ ಗಂಟೆ ಕಾಟ ನಿಂತಿದೆ. ನನ್ನದ್ರಲ್ಲೂ ಸಿಗ್ನಲ್ ಮೈನಸ್ 66 ಇದೆ, ರೌಟರ್ ಪಕ್ಕದಲ್ಲೇ. ಬಿಚ್ಚಿ ನೋಡೋಣ ಅಂತಿದೀನಿ. ಎರಡೂ ವೈರ್ ಬಿಟ್ಟಿದ್ರೆ ಕಪ್ಪು ಯಾವ ಗುಂಡಿಗೆ, ಬಿಳಿ ಯಾವ ಗುಂಡಿಗೆ ಅಂತ ಹೆಂಗೆ ಗೊತ್ತಾಗೋದು?

ಕರಿಮಣ್ಣು:
ಕಾರ್ಡಿನ ಮ್ಯಾಲ ಗುಂಡಿ ಬಾಜೂಕ ಸಣ್ಣ ತ್ರಿಕೋನ ಗುರ್ತು ಇರತಾವು ತಮ್ಮಾ, ಒಂದ್ ತುಂಬಿದ್ದು ಒಂದ್ ಖಾಲಿ, ಇಲ್ಲಾಂದ್ರ ಮೇನ್, ಆಕ್ಸ್ ಅಂತ ಬರದಿರ್ತಾರ. ಬಿಚ್ಚಿದ ಕೂಡ್ಲೇ ಯಾವುದನ್ನೂ ಮುಟ್ಟಲಾರದ ಮೊದಲ ಒಂದ್ ಫೋಟೋ ಹೊಡಿ, ಆ ಫೋಟೋ ಇಲ್ಲಿ ಹಾಕು, ನಾ ನೋಡಿ ಹೇಳ್ತೀನಿ.